ತುಳಿದ ಪಾತಿ

ದೇವರು ಆಕೆಗೆ ಕೊಟ್ಟಿದ್ದು ಎರಡೇ ಕಣ್ಣು. ಸಂಶಯವು ಬೆನ್ನಿಗೂ ಎರಡನ್ನು ಕೊಟ್ಟಿತ್ತು. ಹಾಲಿನವನ ಅಳತೆ, ದರ್ಜಿ ಹಿಂದಿರುಗಿಸಿದ ಬಟ್ಟೆಯ ಚೂರು, ಕಡೆಗೆ ಗಂಡನ ಕೆಮ್ಮು, ಎಲ್ಲವನ್ನೂ ಒರೆಗೆ ಹಚ್ಚಿಯೇ ನಂಬುವಳು. ಓಣಿಯವರ ಬಾಯಲ್ಲಿ ಆಕೆ ‘ಪೊಲೀಸಮ್ಮ’. ಆದರೂ ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬಾಗಿಲು ತಟ್ಟುವ ಕೈ ಆ ತಾಯಿಯದೇ.

ಮನೆಯ ಹಿಂದೆ ಆಕೆಗೂ ಓರಗಿತ್ತಿಗೂ ಅಕ್ಕಪಕ್ಕದಲ್ಲೇ ತರಕಾರಿ ಪಾತಿಗಳು. ಒಂದೇ ಜಿಗುಟು ಮಣ್ಣು, ಒಂದೇ ತೊಟ್ಟಿ; ಸರದಿಯ ಮೇಲೆ ನೀರು. ಇಬ್ಬರೂ ಒಂದೇ ದಿನ ಹುರುಳಿಕಾಯಿ ಬೀಜ ಹಾಕಿದ್ದರು. ಓರಗಿತ್ತಿಯ ಗಿಡ ಕಾಯಿ ಹಿಡಿದರೆ, ಪೊಲೀಸಮ್ಮನದು ನೀರುಂಡ ಮರುದಿನವೇ ಜೋಲುಬಿದ್ದು ಹೂ ಉದುರಿಸುತ್ತಿತ್ತು. ಇನ್ನೊಂದು ವಾರ ಹೀಗಾದರೆ ಬೆಳೆ ಕೈಬಿಟ್ಟಂತೆಯೇ.

“ಅವಳು ನೆಲದೊಳಗೆ ಕಳ್ಳ ಪೈಪು ಹೂತಿದ್ದಾಳೆ,” ಎಂದಳು ಗಂಡನಿಗೆ.

“ಹೂತಿರ್ತಾಳೆ. ಸುರಂಗ ಕೊರೆದು ನಮ್ಮ ಅಡುಗೆಮನೆಗೂ ಬರ್ತಾಳೆ, ನೋಡ್ತಿರು,” ಎಂದು ಆತ ಪತ್ರಿಕೆಯ ಪುಟ ಮಗುಚಿದನು.

ಅಂದಿನಿಂದ ನೀರು ಬಿಟ್ಟೊಡನೆ ಪಾತಿಗಿಳಿದು, ಎಷ್ಟು ನೆನೆಯಿತೆಂದು ಕಾಲಿನಿಂದ ಒತ್ತಿ ಒತ್ತಿ ನೋಡುವ ಆಕೆಯ ಹಳೆಯ ಚಾಳಿ ಇನ್ನೂ ಹೆಚ್ಚಿತು. ಕೊನೆಗೊಂದು ಬೆಳಿಗ್ಗೆ ಗುದ್ದಲಿ, ಹಾರೆ ತಂದು ಎರಡು ಪಾತಿಗಳ ನಡುವಿನ ಬದುವಿನ ಪಕ್ಕ, ತನ್ನ ಕಡೆ ಅಗೆಯತೊಡಗಿದಳು.

“ಅಕ್ಕಾ, ನಿಧಿ ಏನಾದ್ರೂ ಸಿಕ್ತಾ?” ಓರಗಿತ್ತಿ ಬಂದು ನಿಂತಳು.

“ನಿನ್ನ ಕಳ್ಳತನ ಸಿಗುತ್ತೆ, ತಡಿ!”

ಗುದ್ದಲಿ ಠಣ್ಣೆಂದಿತು. ಪೈಪಲ್ಲ. ನಾಲ್ಕು ಬೆರಳಿನಷ್ಟು ಆಳದಲ್ಲಿ ಮಣ್ಣು ಹೆಂಚಿನಂತೆ ಬಿಗಿದಿತ್ತು. ಅದರಡಿ ಒಣ ನೆಲ. ಬೇರುಗಳು ಒಳಗಿಳಿಯಲಾರದೆ ಅಡ್ಡಡ್ಡ ಹರಿದಿದ್ದವು.

“ನನ್ನ ಕಡೇನೂ ಅಗೆದು ನೋಡಿ,” ಎಂದಳು ಓರಗಿತ್ತಿ.

ಅಲ್ಲಿ ಗುದ್ದಲಿ ಸಲೀಸಾಗಿ ಇಳಿಯಿತು. ಮಣ್ಣು ಹುಡಿಹುಡಿಯಾಗಿ ಬಿಡಿಸಿಕೊಂಡಿತು, ಮೊಳದಾಳದಲ್ಲೂ ತಂಪು, ಎರೆಹುಳುಗಳ ಮಿಸುಕಾಟ.

“ನನ್ನ ಎರೆಹುಳುಗಳನ್ನೂ ಎಳ್ಕೊಂಡಿದ್ದೀಯೇನೇ?”

“ಹಸಿ ಮಣ್ಣು ತುಳಿದ್ರೆ ಸಂದೆಲ್ಲ ಮುಚ್ಕೊಳ್ಳುತ್ತೆ ಅಕ್ಕ. ನೀರು ಇಳಿಯೋದು ಎಲ್ಲಿಂದ? ಒಂದಿಷ್ಟು ಮೇಲೇ ಆರುತ್ತೆ, ಮಿಕ್ಕಿದ್ದು ನನ್ನ ಕಡೆ ಹರಿಯುತ್ತೆ.”

“ನೋಡಿದ್ಯಾ! ನನ್ನ ನೀರು ಬಂದಿದ್ದು ನಿಜ!”

“ಬಂದಿದೆ. ಕಳಿಸ್ದೋರು ನೀವೇ.”

ಕಣಕಣದ ನಡುವೆ ನೀರಿಗೂ ಗಾಳಿಗೂ ದೇವರು ತೆರೆದಿಟ್ಟ ಬಾಗಿಲುಗಳನ್ನು, ಕಾವಲು ಕಾಯಲು ಹೋಗಿ ಆಕೆಯೇ ಮುಚ್ಚಿದ್ದಳು.

“ಸಾಲುಗಳ ನಡುವೆ ಹಾರೆ ಇಳಿಸಿ ಗೊಬ್ಬರ, ಒಣಗಿದ ಎಲೆ ತುಂಬೋಣ. ಕೊಡಿ ಇಲ್ಲಿ. ಒಂದೆರಡು ಬೇರು ತುಂಡಾಗ್ಬಹುದು.”

“ನಿನ್ನ ಕೈಗೆ ಹಾರೆ ಕೊಟ್ರೆ ಉಳಿದ ಗಿಡಾನೂ ಸಾಯುತ್ತೆ.”

ಗಿಡದಿಂದ ಇನ್ನೊಂದು ಹೂ ಉದುರಿತು. ಪೊಲೀಸಮ್ಮ ಹಾರೆಯನ್ನು ಚಾಚಿದಳು. “ನಾನು ಎದುರೇ ನಿಂತಿರ್ತೀನಿ.”

“ಪಾತಿಯ ಹೊರಗೆ ನಿಲ್ಲಿ.”

ಎರಡು ಗಿಡ ಬಾಡಿದವು. ಮೂರನೆಯ ದಿನ ಮಧ್ಯಾಹ್ನ ಉಳಿದವು ತಲೆಯೆತ್ತಿ ನಿಂತಿದ್ದವು, ಹೂಗಳು ಕಚ್ಚಿಕೊಂಡಿದ್ದವು. ಅಂದಿನ ನೀರು ಪಕ್ಕಕ್ಕೆ ಹರಿಯದೆ, ಗುಳುಗುಳು ಎಂದು ಕೆಳಗಿಳಿಯಿತು. ಬದುವಿನ ಮೇಲಿದ್ದ ಪೊಲೀಸಮ್ಮ ಪಾತಿಗಿಳಿಯಲು ಒಂದು ಕಾಲೆತ್ತಿದಳು.

“ಅಕ್ಕಾ!”

“ನಿಜವಾಗ್ಲೂ ನೆನೆದಿದೆಯೇನೇ?”

“ನೆನೆದಿದೆ. ನಂಬಿ.”

ಆಕೆ ಗೊಣಗುತ್ತ ಬದುವಿನ ಮೇಲೆಯೇ ಕುಳಿತು, ಎರಡು ಕಾಲುಗಳನ್ನೂ ಮಡಚಿ ತನ್ನಡಿಗೆ ಎಳೆದುಕೊಂಡಳು.