ಕೆಂಪು ಚುಕ್ಕೆಯ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಂಚಿಗೆ ಸದಾ ಒಂದಿಷ್ಟು ಕೆಂಪು ಬಣ್ಣ ಮೆತ್ತಿಕೊಂಡಿರುತ್ತಿತ್ತು. ಉಳಿದ ಒಂಬತ್ತು ಉಗುರುಗಳೂ ಬೋಳು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಶಾಲೆಗೆ ಬರುವ ಐವತ್ತೆಂಟರ ಮುಖ್ಯ ಶಿಕ್ಷಕಿ ಭಾನುವಳ್ಳಿಯ ಅಂಗಡಿಯಲ್ಲಿ ನೇಲ್ ಪಾಲಿಶ್ ಕೇಳಿದರೆ ಊರು ಸುಮ್ಮನಿರುತ್ತದೆಯೇ? "ಯಾರ ಮದ್ವಿ ಅಕ್ಕೋರೆ?" ಎಂದು ಅಂಗಡಿಯವನು ಕೇಳಿದನಂತೆ. "ನಮ್ ಕಂಪ್ಯೂಟರಿಂದು ಕಣಪ್ಪಾ" ಎಂದು ಹೇಳಿ ಬಂದರಂತೆ.

ಸುಳ್ಳೇನಲ್ಲ. ಶಾಲೆಗೆ ಯಾರೋ ದಾನಿಗಳು ಹನ್ನೆರಡು ಟ್ಯಾಬ್ ಕೊಟ್ಟಿದ್ದರು. ಜೊತೆಗೆ ಬಂದ ಚಾರ್ಜರುಗಳು ಒಂದೊಂದಾಗಿ ಕೆಟ್ಟ ಮೇಲೆ, ಸ್ಟಾಫ್ ರೂಮಿನ ಹಳೆಯ ಕಂಪ್ಯೂಟರಿನ ಪೋರ್ಟುಗಳಿಗೇ ನಾಲ್ಕು ನಾಲ್ಕರಂತೆ ಸಿಕ್ಕಿಸಿ ಚಾರ್ಜು ಮಾಡಬೇಕಿತ್ತು. ಮಕ್ಕಳು ಕೇಬಲ್ಲನ್ನು ತಲೆಕೆಳಗಾಗಿ ತುರುಕಿ ಒಂದು ಟ್ಯಾಬನ್ನೇ ಹಾಳುಮಾಡಿದರು. ಆಗ ಅಕ್ಕೋರು ಕೇಬಲ್ಲಿನ ಮೇಲುಭಾಗಕ್ಕೊಂದು, ಟ್ಯಾಬಿನ ಬಾಯಿಯ ಪಕ್ಕಕ್ಕೊಂದು, ಕಂಪ್ಯೂಟರಿನ ಪೋರ್ಟಿನ ಮೇಲೊಂದು ಕೆಂಪು ಚುಕ್ಕೆ ಇಟ್ಟರು. "ಚುಕ್ಕಿಗೆ ಚುಕ್ಕಿ ನೋಡ್ಕಂಡು ಹಾಕ್ರಿ" ಎಂದರು. ಬಣ್ಣ ಅಳಿಸಿದಂತೆಲ್ಲ ಮತ್ತೆ ಮತ್ತೆ ಹಚ್ಚುವರು. ಒಂದನೇ ತರಗತಿಯ ಮಕ್ಕಳೂ ತಪ್ಪು ಮಾಡುತ್ತಿರಲಿಲ್ಲ.

ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ಮಕ್ಕಳು ಟ್ಯಾಬಿನಲ್ಲಿ ಮಾಡಿದ್ದೆಲ್ಲ ಕಂಪ್ಯೂಟರಿಗೂ ಬಂದು ಸೇರುತ್ತದೆ ಎನ್ನುವುದು ಅವರಿಗೆ ಕೊನೆಯವರೆಗೂ ಅಚ್ಚರಿಯ ಸಂಗತಿಯಾಗಿತ್ತು. "ಉಣ್ಣಾದು, ಊರ ಸುದ್ದಿ ಹೇಳಾದು ಎರಡೂ ಒಂದೇ ಬಾಯಾಗೆ. ಥೇಟ್ ನಮ್ಮಂಗೇ ನೋಡವಾ" ಎಂದು ನಗುತ್ತಿದ್ದರು.

ನಾನು ಹರಿಹರದಿಂದ ದಿನಾ ಬಸ್ಸಿಗೆ ಬರುವ ಅತಿಥಿ ಶಿಕ್ಷಕಿ. ಕಂಪ್ಯೂಟರ್ ನನಗೆ ನೀರು ಕುಡಿದಷ್ಟು ಸುಲಭ ಎಂಬ ಜಂಬ ಬೇರೆ. ಅಕ್ಕೋರ ಒಂದು ಅಭ್ಯಾಸ ನನ್ನ ತಾಳ್ಮೆ ಕೆಡಿಸುತ್ತಿತ್ತು. ಪರದೆಯ ಮೇಲೆ ಏನೇ ಬರಲಿ, ಕನ್ನಡಕ ಏರಿಸಿ, ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ, ಆಮೇಲೆ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಿದ್ದರು. "ಸೇವ್ ಮಾಡ್ಲೇನು ಅಂತ ಕೇಳ್ತೈತೆ. ಏನ್ರಪಾ, ಒತ್ಲಾ?" ಮಕ್ಕಳು "ಒತ್ರೀ" ಎಂದು ಕೂಗಿದ ಮೇಲೆಯೇ ಬೆರಳು ಇಳಿಯುತ್ತಿತ್ತು. "ಸುಮ್ನೆ ಓಕೆ ಒತ್ರಿ ಅಕ್ಕೋರೆ, ಬಸ್ಸು ಹೋಗುತ್ತೆ" ಎಂದು ನಾನು ಎಷ್ಟು ಸಲ ಸಿಡುಕಿದ್ದೇನೋ. "ಹೋಗ್ಲಿ ಬಿಡವಾ. ಮುಂದಿನ ಬಸ್ಸು ಐತಲ್ಲ" ಎನ್ನುವರು.

ಆ ವರ್ಷ ಮಕ್ಕಳು ಮನೆಯ ಹಿರಿಯರನ್ನು ಮಾತಾಡಿಸಿ ಟ್ಯಾಬಿನಲ್ಲಿ ದನಿ ತುಂಬಿಸಿಕೊಂಡು ಬರಬೇಕೆಂದು ಅಕ್ಕೋರು ಹೇಳಿದ್ದರು. ಐದನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ, ನಾಲೆಗೆ ಮೊದಲ ಸಲ ನೀರು ಬಂದಾಗ ಸೊಸೆಯಂದಿರೆಲ್ಲ ಆರತಿ ಹಿಡಿದು ಓಡಿದ ಕತೆ ಹೇಳಿಸಿದ್ದಳು. ತಿಂಗಳು ಕಳೆಯುವುದರೊಳಗೆ ಅಜ್ಜಿ ತೀರಿಕೊಂಡಿತು. ಅಂದಿನಿಂದ ಆ ಹುಡುಗಿ ಊಟದ ಬಿಡುವಿನಲ್ಲಿ ಆ ಕತೆಯಿದ್ದ ಏಳನೇ ನಂಬರಿನ ಟ್ಯಾಬನ್ನು ಕಿವಿಗೆ ಒತ್ತಿಕೊಂಡು ಕಂಬದ ಮರೆಯಲ್ಲಿ ಕೂರುತ್ತಿದ್ದಳು. ನಾವು ಯಾರೂ ಮಾತಾಡಿಸುತ್ತಿರಲಿಲ್ಲ.

ಅಷ್ಟರಲ್ಲಿ ಶಾಲೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಡಬ್ಬವನ್ನು ಗುಜರಿಗೆ ಕಳಿಸೋಣ ಎಂದು ಗಂಟುಬಿದ್ದವಳು ನಾನೇ. ಅದು ಹೋದ ಮೂರನೇ ದಿನ, ಅಕ್ಕೋರು ತರಗತಿಯಲ್ಲಿದ್ದಾಗ, ಟ್ಯಾಬುಗಳನ್ನೆಲ್ಲ ಹೊಸದಕ್ಕೆ ಸಿಕ್ಕಿಸಿದೆ. ಪ್ರತಿ ಸಲವೂ ಪರದೆ ಏನೋ ಕೇಳಿತು. ಪ್ರತಿ ಸಲವೂ ಓಕೆ ಒತ್ತಿದೆ. ಅದು ಕೇಳಿದ್ದು ಇಷ್ಟು: ಈ ಟ್ಯಾಬ್ ಬೇರೆ ಕಂಪ್ಯೂಟರಿಗೆ ಸೇರಿದ್ದು, ಒಳಗಿರುವುದನ್ನೆಲ್ಲ ಅಳಿಸಿ ಇದಕ್ಕೆ ಜೋಡಿಸಲೇ?

ಮಧ್ಯಾಹ್ನ ಆ ಹುಡುಗಿ ಬಂದು, "ಮಿಸ್, ನಮ್ಮಜ್ಜಿ ಇಲ್ಲ" ಎಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಟ್ಯಾಬ್ ತೆರೆದು ನೋಡಿ, ಓಡಿಹೋಗಿ ನಾನು ಓಕೆ ಒತ್ತಿದ್ದನ್ನು ಅಕ್ಕೋರಿಗೆ ಹೇಳಿದೆ.

ಅಕ್ಕೋರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹುಡುಗಿಯ ತಲೆ ಸವರಿ, "ಹಳೇದನ್ನ ಕೊಟ್ಟುಬಿಡ್ರಿ ಅಂತ ಸಹಿ ಹಾಕ್ದಾಕಿ ನಾನು. ತಪ್ಪು ನಂದವ್ವಾ. ಹುಡುಕ್ಕಂಡು ಬರ್ತೀನಿ" ಎಂದರು. ನನ್ನ ಕಡೆ ತಿರುಗಿ, "ಶುಕ್ರವಾರ ಶುಕ್ರವಾರ ನಾನು ಎಲ್ಲಾ ಅದ್ರಾಗೆ ತುಂಬಿಟ್ಟೀನಿ. ಅದು ಸಿಕ್ರೆ ಅಜ್ಜಿನೂ ಸಿಗ್ತಾಳೆ. ನಡೀ" ಎಂದು ಚೀಲ ಹೆಗಲಿಗೇರಿಸಿದರು.

ಹರಿಹರಕ್ಕೆ ಬಸ್ಸು, ಅಲ್ಲಿಂದ ದಾವಣಗೆರೆಗೆ, ಆಮೇಲೆ ಕರೂರಿನ ಕಾರ್ಖಾನೆಗಳ ನಡುವಿನ ಗುಜರಿ ಗೋದಾಮಿಗೆ ಆಟೋ. ಒಳಗೆ ಸೂರಿನವರೆಗೆ ಪೇರಿಸಿಟ್ಟ ಕಂಪ್ಯೂಟರುಗಳು, ಎಲ್ಲ ಒಂದೇ ಥರದವು, ಎಲ್ಲದರ ಮೇಲೂ ಕಾರ್ಖಾನೆಗಳ ದೂಳು. "ನೀವೇ ನೋಡ್ಕಳ್ರಿ ಮೇಡಮ್ಮಾರೆ. ಸಿಕ್ರೆ ನಿಮ್ ನಸೀಬು. ನಾಳೆ ಒಡೆಯಾಕೆ ಹಾಕ್ತೀವಿ" ಎಂದ ಗೋದಾಮಿನವನು. ನಾನು ಸಾಲುಗಳನ್ನು ಎಣಿಸತೊಡಗಿದೆ. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರವಸ್ತ್ರದಿಂದ ಒಂದೊಂದೇ ಡಬ್ಬದ ಪೋರ್ಟಿನ ಜಾಗ ಒರೆಸುತ್ತ ಹೋದರು. ಎಷ್ಟು ಹೊತ್ತಾಯಿತೋ ತಿಳಿಯದು. "ಬಾ ಇಲ್ಲಿ" ಎಂದರು. ದೂಳಿನ ಕೆಳಗೆ ಸಾಲಾಗಿ ನಾಲ್ಕು ಕೆಂಪು ಚುಕ್ಕೆ.

ಮರುದಿನ ಅದನ್ನು ಶಾಲೆಯಲ್ಲಿ ಚಾಲೂ ಮಾಡಿ, ಏಳನೇ ನಂಬರಿನ ಟ್ಯಾಬನ್ನು ಸಿಕ್ಕಿಸಿ, ಅಕ್ಕೋರು ನನ್ನನ್ನು ಮುಂದೆ ಕೂರಿಸಿದರು. "ಈಗ ನೀನು ಓದು. ಜೋರಾಗಿ." ಓದಿದೆ. ತುಂಬಿಟ್ಟಿದ್ದನ್ನೆಲ್ಲ ಟ್ಯಾಬಿಗೆ ವಾಪಸು ಹಾಕಲೇ ಎಂದು ಅದು ಕೇಳುತ್ತಿತ್ತು. ಒತ್ತಲಾ ಎಂದು ಆ ಹುಡುಗಿಯನ್ನೇ ಕೇಳಿದೆ. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಕೆಮ್ಮಿ, ನಾಲೆಯ ಕತೆ ಶುರುಮಾಡಿತು.

ನಿವೃತ್ತರಾದ ಮೇಲೆ ಅಕ್ಕೋರು ತಮಗೇ ಒಂದು ಟ್ಯಾಬ್ ಕೊಂಡರು. ಅದಕ್ಕೂ ಚುಕ್ಕೆ ಇಟ್ಟುಕೊಂಡಿದ್ದರು. ಹೋದ ವರ್ಷ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅವರಿಗೆ ಒಂದು ಸಲವೂ ಎದುರಿಗೆ ಕ್ಷಮಿಸಿ ಎಂದು ಹೇಳಲಿಲ್ಲವಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ತಿಂಗಳಾದ ಮೇಲೆ ಅವರ ಮಗ ದಾವಣಗೆರೆಯಿಂದ ಆ ಟ್ಯಾಬ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚಾರ್ಜು ಇನ್ನೇನು ಮುಗಿಯುವಂತಿತ್ತು. "ಮಗಳು ಓದಾಕೆ ಬೇಕು ಅಂತಾಳೆ. ಎಲ್ಲಾ ತೆಗ್ದು ಹೊಸಾದು ಮಾಡಿ ಕೊಡ್ರಿ" ಎಂದರು. ಚುಕ್ಕೆಗೆ ಚುಕ್ಕೆ ನೋಡಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಪರದೆ ಕೇಳಬೇಕಾದ್ದನ್ನು ಕೇಳಿತು. ನಾನು ಜೋರಾಗಿ ಓದಿದೆ.

"ಇದರಾಗಿರೋ ಫೋಟೋ, ದನಿ, ಬರಹ ಎಲ್ಲಾ ಅಳಿಸಿ ಹೋಗ್ತಾವೆ, ಮತ್ತೆ ಸಿಗಲ್ಲ ಅಂತೈತೆ. ಏನ್ರಿ, ಒತ್ಲಾ?"

ಅವರು ಕುರ್ಚಿ ಎಳೆದು ಕೂತು, "ಬ್ಯಾಡ ಬಿಡ್ರಿ" ಎಂದರು. "ಅವ್ವನ ದನಿ ಐತಾ, ಅದ್ರಾಗೆ?"

"ಚಾರ್ಜ್ ಆಗ್ಲಿ, ಕೇಳೋಣ. ಕೂತಿರ್ರಿ" ಎಂದು ನಾನು ಚಹಾಕ್ಕಿಡಲು ಎದ್ದೆ.