ತೋಳು ಹೊಲಿದುಹೋದ ಕನಸು

ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಕೆಳಗೆ ರವಿಕೆ ಹೊಲಿಯುತ್ತಿದ್ದ ಆಂಟಿ, ಸೂಜಿಗೆ ದಾರ ಪೋಣಿಸುತ್ತಲೇ "ನನ್ನೊಳಗಿರೋಳು ಹೇಳಿದ್ಳು ಕಣಪ್ಪಾ" ಎಂದು ರಾತ್ರಿಯ ಕನಸು ಹೇಳಲು ಶುರುಮಾಡುತ್ತಿದ್ದರು.

ಮಗಳ ಮದುವೆ ಗೊತ್ತಾದ ಮೇಲೆ ಅವರಿಗೆ ಮೂರು ಸಲ ಒಂದೇ ಕನಸು: ಮಗಳ ರವಿಕೆಯ ತೋಳಿನ ತುದಿ ಹೊಲಿದುಹೋಗಿ ಕೈ ಹೊರಗೇ ಬರುತ್ತಿಲ್ಲ. ಈ ಸಂಬಂಧ ಬೇಡ ಎಂದರು. ಅವರನ್ನು ಒಪ್ಪಿಸಲು ಅವರ ಗಂಡ ನನ್ನನ್ನು ಕರೆದರು. ಕಾಲೇಜಿನ ಚರ್ಚಾಸ್ಪರ್ಧೆಗಳನ್ನು ಗೆದ್ದವನಲ್ಲವೇ ನಾನು!

"ಕನಸು ಸಾಕ್ಷಿ ಅಲ್ಲ ಆಂಟಿ." ಹತ್ತೇ ನಿಮಿಷದಲ್ಲಿ ಅವರನ್ನು ಸೋಲಿಸಿದೆ. ಆ ವಾದ ಇಂದಿಗೂ ಸರಿಯೇ.

ಮದುವೆಯಾದ ಆರು ತಿಂಗಳಿಗೆ ಮಗಳು ಸುಟ್ಟ ಕೈ ಹೊತ್ತು ತವರಿಗೆ ವಾಪಸಾದಳು.

"ನಿಶ್ಚಿತಾರ್ಥದ ದಿನವೇ ಅವನು ಅವಳ ಕೈ ಹಿಂಡಿದ್ದನ್ನ ನೋಡಿದ್ದೆ" ಎಂದರು ಆಂಟಿ.

"ಅದನ್ನೇ ಹೇಳ್ಬೇಕಿತ್ತಲ್ವಾ?"

"ಆ ಕನಸು ಯಾಕೆ ಬಿತ್ತು ಅಂತ ನೀನು ಕೇಳ್ಲೇ ಇಲ್ವಲ್ಲಪ್ಪಾ."