ರತ್ನಕ್ಕನ ಬೀರುವಿನ ಸಂದು

ಭಾಗ್ಯಶ್ರೀ ರತ್ನಕ್ಕನನ್ನು ಮೊದಲು ಕಂಡದ್ದು ಒಂದು ಭಾನುವಾರ ಬೆಳಿಗ್ಗೆ, ಟಿ. ದಾಸರಹಳ್ಳಿಯ ಒಂದು ಓಣಿಯ ಕೊನೆಯ ಮನೆಯಲ್ಲಿ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಒಂದು ಕಾಲು ಮಡಿಚಿ, ಇನ್ನೊಂದು ಚಾಚಿ ಕೂತ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊಣಕೈವರೆಗೆ ಹಿಟ್ಟು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ತಲೆ ಎತ್ತಿ ನೋಡಿದಳು, ಕೈ ಮಾತ್ರ ನಿಲ್ಲಲಿಲ್ಲ.

"ರೂಮ್ ಖಾಲಿ ಐತಿ ಅಂದ್ರು ರೀ..."

"ಐತಿ, ಬಾ. ಚಪ್ಪಲಿ ಒಳಗ ತಗೊಂಡು ಬಾ, ಹೊರಗ ಬಿಟ್ರ ನಾಯಿ ಒಯ್ತಾವು."

ಭಾಗ್ಯಶ್ರೀ ಒಳಗೆ ಬಂದು ಸುತ್ತ ನೋಡಿದಳು. ಇದ್ದದ್ದು ಒಂದೇ ಕೋಣೆ. ಒಂದು ಮೂಲೆಗೆ ಅಡುಗೆ ಕಟ್ಟೆ, ಹಿಂದೆ ಬಚ್ಚಲು. ನಡುವೆ ಆಳೆತ್ತರದ ಹಸಿರು ಕಬ್ಬಿಣದ ಬೀರು, ದಾರಿ ತಪ್ಪಿ ಬಂದ ಬೀಗರ ಹಾಗೆ ನಿಂತಿತ್ತು.

"ರೂಮ್ ಎಲ್ಲೈತಿ ಅಕ್ಕಾರ?"

"ಇದ ನೋಡವ್ವ. ಬೀರುವಿನ ಆಕಡಿ ನಿಂದು, ಈಕಡಿ ನಂದು."

ನಗಬೇಕೋ ಎದ್ದು ಹೋಗಬೇಕೋ ಭಾಗ್ಯಶ್ರೀಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಮುಂದೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಡ್ಡೆ ಉಳ್ಳಾಗಡ್ಡಿ ಬಂದು ಕೂತವು. ತನ್ನೂರು ಕುಷ್ಟಗಿ ಬಿಟ್ಟ ಮೇಲೆ ಅಂಥ ರೊಟ್ಟಿ ಅವಳ ಬಾಯಿಗೆ ಬಿದ್ದಿರಲಿಲ್ಲ. ತಿಂದು ಮುಗಿಸುವ ಹೊತ್ತಿಗೆ ಅವಳು ಬೀರುವಿನ ಆಕಡೆಯವಳಾಗಿದ್ದಳು.

ರತ್ನಕ್ಕ ರೋಣದ ಕಡೆಯವಳು. ಗಂಡ ಪಂಚಪ್ಪ ಪೀಣ್ಯದ ಕಾರ್ಖಾನೆಯಲ್ಲಿದ್ದ. ಅವನು ತೀರಿಕೊಂಡಾಗ ಊರಿನವರು ಕರೆಯಲು ಬಂದರು. "ಊರಾಗ ಕುಂತು ಏನ್ ಮಾಡ್ಲಿ? ನನ್ನ ಕೈ ಸುಮ್ಮನಿರೂದಿಲ್ಲ" ಎಂದು ಅವರನ್ನು ಹೊರಡಿಸಿ, ಸಂಜೆಗೇ ಒಲೆ ಹಚ್ಚಿದಳು. ಪೀಣ್ಯದಲ್ಲಿ ದುಡಿಯುವ ಬಾಗಲಕೋಟೆ, ಗದಗಿನ ಹುಡುಗರಿಗೆ ಮಧ್ಯಾಹ್ನದ ಡಬ್ಬಿಗೆ ರೊಟ್ಟಿ ಬೇಕಿತ್ತು. ಅವಳು ಹೇಳಿದ್ದು ನಿಜವೇ ಆಗಿತ್ತು. ಹಂಚು ಕಾಯುವಷ್ಟು ಹೊತ್ತೂ ಅವಳು ಸುಮ್ಮನೆ ಕೂರಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವಳು, ಮಡಚಿದ ಸೀರೆ ಬಿಚ್ಚಿ ಮತ್ತೆ ಮಡಚುವಳು.

ಭಾಗ್ಯಶ್ರೀ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವಳು. ಬೀರುವಿನ ಒಂದು ಪಕ್ಕ ಓಡಾಡಲು ದಾರಿ. ಅಲ್ಲಿ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಪರದೆ ಇಳಿಬಿಟ್ಟಿತ್ತು. ಇನ್ನೊಂದು ಪಕ್ಕ ಗೋಡೆಯ ಬುಡದಲ್ಲಿ ನೀರಿನ ಪೈಪು ಹಾದಿದ್ದರಿಂದ ಬೀರು ಗೋಡೆಗೆ ಆನುತ್ತಿರಲಿಲ್ಲ. ಗೇಣಗಲ ಸಂದು ಉಳಿದಿತ್ತು. ಆ ಸಂದಿನಿಂದ ಬರುವ ಬೆಳಕು ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು. ಬೆಳಕಿನ ಜೊತೆ ಇನ್ನೊಂದೂ ಬರುತ್ತಿತ್ತು: ರೊಟ್ಟಿ ಬಡಿಯುವ ಪಟಪಟ ಸದ್ದು. ಅವಳು ಮಗ್ಗುಲು ಬದಲಿಸುವಳು, ದುಪಟ್ಟಾ ಮುಖಕ್ಕೆ ಸುತ್ತಿಕೊಳ್ಳುವಳು, ಎದ್ದು ನೀರು ಕುಡಿಯುವಳು, ಮತ್ತೆ ಬಿದ್ದುಕೊಳ್ಳುವಳು. ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಇನ್ನೊಂದು ರೊಟ್ಟಿ ಶುರುವಾಗುವುದು.

ಒಂದು ದಿನ ಪಾಳಿಯಲ್ಲಿ ಒಬ್ಬರ ಚೀಟಿ ನೋಡಿ ಇನ್ನೊಬ್ಬರ ಹಾಸಿಗೆಗೆ ಇಂಜೆಕ್ಷನ್ ಹಿಡಿದು ಹೊರಟಿದ್ದಳು. ಜೊತೆಯವಳು ಕಂಡು ಕೈ ಹಿಡಿದಳು. ಏನೂ ಆಗಲಿಲ್ಲ. ಆದರೆ ಹಿರಿಯ ಸಿಸ್ಟರ್ ಕರೆದು, "ಇನ್ನೊಂದ್ ಸಲ ಹೀಗಾದ್ರೆ ನಿನ್ನನ್ನ ಇಟ್ಕೊಳಲ್ಲ ಕಣಮ್ಮ" ಎಂದುಬಿಟ್ಟರು.

ಮನೆಗೆ ಬಂದು ಅತ್ತಳು. ರತ್ನಕ್ಕ ಬಿಡದೆ ಕೇಳಿದಾಗ, "ಬೆಳಕು ಅಕ್ಕಾರ, ಆ ಸಂದಿನ ಬೆಳಕಿಗೆ ನಿದ್ದಿ ಹತ್ತವಲ್ದು" ಎಂದಳು.

"ಇಷ್ಟಕ್ಕ ಅಳೂದಾ? ಇವತ್ತ ಮುಚ್ಚಿಬಿಡೂಣು."

ಬಡಗಿ ಉಮೇಶನನ್ನು ಕರೆಸಿದರು. ಪಟ್ಟಿ ಕೂರಿಸಲು ಗೋಡೆಗೆ ಎರಡು ಮೊಳೆ ಬೇಕು ಎಂದ. ಸುದ್ದಿ ಹೇಗೆ ಮುಟ್ಟಿತೋ, ಮನೆ ಮಾಲೀಕ ಚಿಕ್ಕಹನುಮಯ್ಯ ಬಾಗಿಲಲ್ಲಿ ನಿಂತಿದ್ದ. "ರತ್ನಕ್ಕ, ಈಗ್ಲೇ ಏಳ್ತೀನಿ, ಗೋಡೆಗೆ ಒಂದ್ ಮೊಳೆ ಬೀಳಂಗಿಲ್ಲ. ಮೊನ್ನೆ ತಾನೆ ಸುಣ್ಣ ಒಡ್ಸಿದೀನಿ."

"ಮೊನ್ನಿ ಅಂದ್ರ ಯಾವ ಮೊನ್ನಿ? ನನ್ನ ಗಂಡ ಇದ್ದಾಗಿನ ಮೊನ್ನಿ?"

"ಯಾವ್ದಾದ್ರೂ ಆಗ್ಲಿ ಕಣಕ್ಕ, ಮೊಳೆ ಬ್ಯಾಡ."

ಉಮೇಶ ನಗುತ್ತಾ ಚೀಲ ಎತ್ತಿಕೊಂಡು ಹೋದ. ರತ್ನಕ್ಕ ರಟ್ಟು ಸಿಕ್ಕಿಸಿದಳು. ಫ್ಯಾನಿನ ಗಾಳಿಗೆ ಬಿತ್ತು. ಥರ್ಮಾಕೋಲ್ ತುರುಕಿದಳು, ಬೀರುವಿನ ಬಾಗಿಲು ತೆಗೆದಾಗಲೆಲ್ಲ ಅದು ಕಿರ್‍ರೆಂದಿತು. ಕೊನೆಗೆ ಹಳೆ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕೂತಳು. ಹಾಸುವ ಕೌದಿಯಲ್ಲ, ಬೀರುವಿನಷ್ಟೇ ಎತ್ತರದ ಚೀಲದಂಥ ಕೌದಿ. ಒಳಗೆ ಚಿಂದಿ ತುಂಬಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಬಿಗಿದಳು. ಸಂದಿನಲ್ಲಿ ಒತ್ತಿ ನಿಲ್ಲಿಸಿದರೆ ಅಳ್ಳಾಡಲಿಲ್ಲ. ಬೆಳಕಿನ ಒಂದು ಎಳೆಯೂ ನುಸುಳಲಿಲ್ಲ.

"ಭೇಷ್ ಆತು ಅಕ್ಕಾರ!" ಎಂದಳು ಭಾಗ್ಯಶ್ರೀ. ಮನಸ್ಸಿನಲ್ಲಿ ಮಾತ್ರ, ಸದ್ದು ಎಲ್ಲಿ ಹೋಗುತ್ತದೆ, ಎಂದುಕೊಂಡಳು.

ಸದ್ದು ಎಲ್ಲಿಗೂ ಹೋಗಲಿಲ್ಲ. ಅದರ ಮೇಲೆ, ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಕೌದಿಯೊಳಗಿಂದಲೇ ಪರಪರ ಕೆರೆಯುವ ಸದ್ದು ಸೇರಿಕೊಂಡಿತು. ಒಂದು ಬೆಳಿಗ್ಗೆ ಭಾಗ್ಯಶ್ರೀ ಎದ್ದು ಕೌದಿ ಎಳೆದಳು. ಇಲಿಯೊಂದು ಅವಳ ಕಾಲ ಮೇಲೆಯೇ ಹಾದು ಬಚ್ಚಲಿಗೆ ಓಡಿತು. ಕೌದಿಯ ಹೊಟ್ಟೆ ಹರಿದು, ಚಿಂದಿಯ ನಡುವೆ ರೊಟ್ಟಿಯ ಚೂರುಗಳು ಕಂಡವು.

"ಇದೇನಕ್ಕಾರ? ಕೌದಿಯೊಳಗ ರೊಟ್ಟಿ?"

"ಮತ್ತ? ನಮ್ಮ ಕಡಿ ಹಂಗ ಐತೆವ್ವ. ಕೌದಿ ಹೊಟ್ಟಿ ಖಾಲಿ ಬಿಡಬಾರದು. ಹಸದ ಕೌದಿ ನಿದ್ದಿ ಕೊಡೂದಿಲ್ಲ."

"ನಿದ್ದಿ ಇಲಿಗೆ ಕೊಟ್ಟೈತಿ ನೋಡ್ರಿ!" ಭಾಗ್ಯಶ್ರೀಯ ಧ್ವನಿ ಏರಿತು. "ನನಗ ಬೆಳಕಿನ ಕಾಟ ಅಲ್ಲ, ಎಂದೂ ಅಲ್ಲ. ನಿಮ್ಮ ಕೈಯಿ! ಆ ಪಟಪಟ! ಅದ ನನ್ನ ತಲಿಯೊಳಗ ಬಡೀತೈತಿ. ನಾಳೆ ಯಾರಿಗಾದ್ರೂ ತಪ್ಪು ಸೂಜಿ ಚುಚ್ಚಿದ್ರ ಯಾರು ಜವಾಬ್ದಾರಿ?"

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರತ್ನಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿತು.

"ಮೊದಲ ದಿನಾನ ಹೇಳಬಾರದಿತ್ತೇನ?"

"ಹೆಂಗ ಹೇಳ್ಲಿ? ನಿಮ್ಮ ಅನ್ನ ಅದು."

"ಅನ್ನ ಅಲ್ಲ, ರೊಟ್ಟಿ" ಎಂದು ರತ್ನಕ್ಕ ಒಲೆ ಆರಿಸಿದಳು. ಮುಖದಲ್ಲಿ ನಗು ಇರಲಿಲ್ಲ.

ಮರುದಿನ ಸದ್ದಾಗದಿರಲೆಂದು ಲಟ್ಟಣಿಗೆ ತಂದಳು. ಲಟ್ಟಿಸಿದ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ತಿಂದವ್ರು ನನ್ನ ಹೆಸರು ಎತ್ತೂದಿಲ್ಲ" ಎಂದು ಓಣಿಯ ನಾಯಿಗೆ ಎಸೆದಳು. ನಾಯಿ ಮೂಸಿ ನೋಡಿ ಅಲ್ಲೇ ಬಿಟ್ಟಿತು. ಆಮೇಲೆ ಸೆರಗು ಸಿಕ್ಕಿಸಿ, ಡಬ್ಬಿ ಹುಡುಗರ ರೂಮುಗಳಿಗೆ ತಾನೇ ನಡೆದಳು. ಇನ್ನು ಮುಂದೆ ಬಡಿಯುವುದು ಸಂಜೆಗೆ. ರಾತ್ರಿ ಊಟಕ್ಕೆ ಮೆತ್ತನೆಯದು, ಮರುದಿನದ ಡಬ್ಬಿಗೆ ಖಡಕ್ ರೊಟ್ಟಿ. ಒಪ್ಪಿದವರು ಒಪ್ಪಿದರು. ಕೆಲವರು ಬೇರೆ ಮನೆ ಹುಡುಕಿಕೊಂಡರು.

ಭಾಗ್ಯಶ್ರೀ ಮಲಗಿದಳು. ಆ ತಿಂಗಳು ಕಳೆದರೂ ಹಿರಿಯ ಸಿಸ್ಟರ್ ಅವಳನ್ನು ಮತ್ತೆ ಕರೆದು ಗದರಿಸುವ ಸಂದರ್ಭ ಬರಲಿಲ್ಲ. ನಿದ್ದೆಗೆಟ್ಟವಳು ಈಗ ರತ್ನಕ್ಕ. ಖಾಲಿ ಬೆಳಗು ಅವಳನ್ನು ತಿನ್ನತೊಡಗಿತು. ಕೈ ಕಂಕುಳಲ್ಲಿ ಇಟ್ಟುಕೊಂಡು ಓಣಿಯ ತುದಿವರೆಗೆ ಹೋಗುವಳು, ಬರುವಳು, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಒಳಗೆ ಇಣುಕುವಳು, ಮತ್ತೆ ಹೊರಡುವಳು. ಅದನ್ನು ಕಂಡು ಚಿಕ್ಕಹನುಮಯ್ಯನ ಸೊಸೆ ರಮಾ ಕೂಗಿ ಕರೆದಳು. "ಅಕ್ಕಾ, ಸುಮ್ನೆ ಯಾಕ್ ಸುತ್ತೀರ? ನಮ್ಮ ರೂಮಲ್ಲೂ ವಾರ್ಡ್‌ರೋಬ್ ಪಕ್ಕ ಸಂದು ಇದೆ. ಬರೀ ಹಲ್ಲಿ. ನಿಮ್ಮ ಬೀರು ಸಂದಿಗೆ ಹೊಲ್ದಿದ್ರಲ್ಲ, ಅಂಥದ್ದೇ ಒಂದು ಕೌದಿ ಹೊಲ್ಕೊಡಿ. ಗೋಡೆಗೆ ಮೊಳೆ ಅಂದ್ರೆ ನಮ್ ಮಾವ ನಂಗೂ ಬಿಡಲ್ಲ."

ರತ್ನಕ್ಕ ಈಗ ಬೆಳಿಗ್ಗೆ ಚಿಕ್ಕಹನುಮಯ್ಯನ ಮನೆಯ ಜಗುಲಿಯಲ್ಲಿ ಕೂತು ಓಣಿಯವರ ಬೀರುಗಳಿಗೆ ಸಂದಿನ ಕೌದಿ ಹೊಲಿಯುತ್ತಾಳೆ. ಸಂಜೆ ಭಾಗ್ಯಶ್ರೀ ಪಾಳಿಗೆ ಹೊರಟ ಮೇಲೆ ರೊಟ್ಟಿ ಬಡಿಯುತ್ತಾಳೆ.